ದಾರಿ ಬಿಡುವುದರ ಗಣಿತ

ರಾಯಚೂರಿನಿಂದ ಮಾನ್ವಿಯ ಕಡೆಗಾಗಲಿ ದೇವದುರ್ಗದ ಕಡೆಗಾಗಲಿ ಹೋಗುವ ಬಸ್ಸಿನಲ್ಲಿ ಮುಂದಿನ ಆಸನದಲ್ಲಿ ಕುಳಿತು ಪ್ರಯಾಣ ಮಾಡಿದವರಿಗೆಲ್ಲ ಒಂದು ನೋಟ ಚಿರಪರಿಚಿತವಾದುದು. ಮುಂದೆ ಭತ್ತದ ಚೀಲಗಳನ್ನೋ ಹತ್ತಿಯ ಅಂಡಿಗೆಗಳನ್ನೋ ಹೇರಿಕೊಂಡ ಲಾರಿಯೊಂದು ನಿಧಾನವಾಗಿ ಸಾಗುತ್ತಿರುತ್ತದೆ. ಅದರ ಬೆನ್ನಿಗೆ ಬಸ್ಸು, ಬಸ್ಸಿನ ಬೆನ್ನಿಗೆ ಒಂದು ಕಾರು, ಕಾರಿನ ಮಗ್ಗುಲಲ್ಲಿ ಮೋಟಾರ್ ಸೈಕಲ್ಲಿನ ಮೇಲೆ ಇಬ್ಬರು ಕಾಲೇಜು ವಿದ್ಯಾರ್ಥಿಗಳು. ಹಾರ್ನುಗಳು ಮೊಳಗುತ್ತವೆ. ಸ್ವಲ್ಪ ಹೊತ್ತಿನ ಮೇಲೆ ಲಾರಿ ಎಡಕ್ಕೆ ಸರಿಯುತ್ತದೆ. ಒಂದೊಂದಾಗಿ ಎಲ್ಲ ವಾಹನಗಳೂ ಅದನ್ನು ದಾಟಿ ಮುಂದೆ ಹೋಗುತ್ತವೆ.

ದಿನವೂ ಅಸಂಖ್ಯಾತ ಸಲ ನಡೆಯುವ ಕಾರ್ಯವಾದ್ದರಿಂದ ಇದರಲ್ಲಿ ವಿಶೇಷವೇನೂ ಇಲ್ಲವೆಂದು ತೋರಬಹುದು. ಆದರೆ ಎದುರುಬದುರು ಸಂಚಾರವಿರುವ ರಸ್ತೆಯಲ್ಲಿ ಒಂದು ವಾಹನವನ್ನು ಹಿಂದಿಕ್ಕುವಾಗ ನಾವು ಕೆಲವು ಸೆಕೆಂಡುಗಳ ಕಾಲ ಇನ್ನೊಬ್ಬರ ದಾರಿಯಲ್ಲಿ, ಅವರಿಗೆ ಎದುರಾಗಿ ಓಡುತ್ತಿರುತ್ತೇವೆ. 2022ನೆಯ ಇಸವಿಯೊಂದರಲ್ಲೇ ಭಾರತದ ರಸ್ತೆಗಳಲ್ಲಿ 1,68,491 ಜನ ಅಪಘಾತಗಳಿಂದ ಮೃತಪಟ್ಟರೆಂದು ಕೇಂದ್ರ ಸರ್ಕಾರದ ವರದಿ ತಿಳಿಸುತ್ತದೆ. ನಮ್ಮ ಜಿಲ್ಲೆಯಲ್ಲಿ ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ 2024ರ ಸೆಪ್ಟೆಂಬರ್ 5ರಂದು ಶಾಲೆಯ ಬಸ್ಸೂ ಸಾರಿಗೆ ಸಂಸ್ಥೆಯ ಬಸ್ಸೂ ಒಂದಕ್ಕೊಂದು ಢಿಕ್ಕಿಯಾಗಿ, ಪಾಠಕ್ಕೆಂದು ಹೊರಟ ಮಕ್ಕಳು ಅಸುನೀಗಿದರು. ಆ ದುರ್ಘಟನೆಯ ಕಾರಣಗಳ ವಿಚಾರಣೆ ಈ ಲೇಖನದ ವಿಷಯವಲ್ಲ. ಎರಡು ದೊಡ್ಡ ವಾಹನಗಳು ಒಂದೇ ಕಿರಿದಾದ ರಸ್ತೆಯನ್ನು ಹಂಚಿಕೊಳ್ಳುವಾಗ ಉಳಿಯುವ ಎಡೆ ಎಷ್ಟು ಅಲ್ಪವಾದುದು, ಅದಕ್ಕೆ ತೆರಬೇಕಾದ ಬೆಲೆ ಎಷ್ಟು ದೊಡ್ಡದು ಎಂಬುದನ್ನು ಮಾತ್ರ ಅದು ಮರೆಯಗೊಡುವುದಿಲ್ಲ.

"ದಾರಿ ಬಿಡುವುದು ಸೌಜನ್ಯದ ಮಾತು, ಸೌಜನ್ಯ ಮನಸ್ಸಿಗೆ ಸಂಬಂಧಿಸಿದುದು. ಅಲ್ಲಿ ಭೌತವಿಜ್ಞಾನಕ್ಕೇನು ಕೆಲಸ?" ಎಂದು ವಾಚಕರು ಕೇಳಬಹುದು. ಕೆಲಸವುಂಟು. ಹೆದ್ದಾರಿಯ ಮೇಲೆ ಸೌಜನ್ಯದ ಫಲವನ್ನು ಮೀಟರುಗಳಲ್ಲಿಯೂ ಅದರ ಖರ್ಚನ್ನು ಸೆಕೆಂಡುಗಳಲ್ಲಿಯೂ ಅಳೆಯಬಹುದು. ಇದಕ್ಕೆ ಪ್ರೌಢಶಾಲೆಯಲ್ಲಿ ಕಲಿತ ಗಣಿತವೇ ಸಾಕು.

ಎಷ್ಟು ದಾರಿ ಬೇಕು?

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಲಾರಿಯ ವೇಗ ಗಂಟೆಗೆ 54 ಕಿಲೋಮೀಟರು, ಅಂದರೆ ಸೆಕೆಂಡಿಗೆ 15 ಮೀಟರು. ಅದನ್ನು ಹಿಂದಿಕ್ಕಬಯಸುವ ಕಾರಿನ ವೇಗ ಗಂಟೆಗೆ 72 ಕಿಲೋಮೀಟರು, ಅಂದರೆ ಸೆಕೆಂಡಿಗೆ 20 ಮೀಟರು. ಲಾರಿಯ ಉದ್ದ 10 ಮೀಟರು, ಕಾರಿನ ಉದ್ದ 4 ಮೀಟರು ಎಂದಿಟ್ಟುಕೊಳ್ಳೋಣ. ಕಾರು ಲಾರಿಯ ಹಿಂದೆ 20 ಮೀಟರು ಇರುವಾಗ ಬಲಕ್ಕೆ ಹೊರಳುತ್ತದೆ. ಲಾರಿಯನ್ನು ದಾಟಿ 20 ಮೀಟರು ಮುಂದಕ್ಕೆ ಹೋದ ಮೇಲೆ ಮತ್ತೆ ಎಡಕ್ಕೆ ಬರುತ್ತದೆ. ಈ ಎರಡು ಅಂತರಗಳನ್ನೂ ಎರಡು ವಾಹನಗಳ ಉದ್ದವನ್ನೂ ಕೂಡಿಸಿದರೆ, ಲಾರಿಗೆ ಹೋಲಿಸಿದಂತೆ ಕಾರು ಕ್ರಮಿಸಬೇಕಾದ ದೂರ 54 ಮೀಟರು ಎಂದಾಗುತ್ತದೆ.

ಈ ಐವತ್ತನಾಲ್ಕು ಮೀಟರೇ ನಮ್ಮನ್ನು ಮೋಸಗೊಳಿಸುವುದು. ಲಾರಿ ನಿಂತಿದ್ದರೆ ಅಷ್ಟು ದೂರಕ್ಕೆ ಮೂರು ಸೆಕೆಂಡೂ ಬೇಕಾಗುತ್ತಿರಲಿಲ್ಲ. ಆದರೆ ಲಾರಿಯೂ ಓಡುತ್ತಿದೆ. ಕಾರಿನ ಸಾಪೇಕ್ಷ ವೇಗ ಸೆಕೆಂಡಿಗೆ 20ರಲ್ಲಿ 15 ಕಳೆದು ಉಳಿದ 5 ಮೀಟರು ಮಾತ್ರ. 54ನ್ನು 5ರಿಂದ ಭಾಗಿಸಿದರೆ 10.8 ಸೆಕೆಂಡು. ಅಷ್ಟು ಕಾಲದಲ್ಲಿ ಕಾರು ರಸ್ತೆಯ ಮೇಲೆ 216 ಮೀಟರು ಓಡಿರುತ್ತದೆ. ಎದುರಿನಿಂದ ಬಸ್ಸೊಂದು ಅದೇ ವೇಗದಲ್ಲಿ ಬರುತ್ತಿದ್ದರೆ ಅದೂ 216 ಮೀಟರು ಸಮೀಪಿಸಿರುತ್ತದೆ. ಆದುದರಿಂದ ಕಾರು ಬಲಕ್ಕೆ ಹೊರಳುವ ಕ್ಷಣದಲ್ಲಿ ಮುಂದೆ ಕಡೆಯ ಪಕ್ಷ 432 ಮೀಟರು ಬರಿದಾದ ರಸ್ತೆ ಇರಲೇಬೇಕು. ಸುರಕ್ಷತೆಗೆಂದು ಬಿಡಬೇಕಾದ ಹೆಚ್ಚಿನ ಅಂತರವನ್ನು ಇದರಲ್ಲಿ ಸೇರಿಸಿಲ್ಲ.

ಇದು ಪುಸ್ತಕದ ಲೆಕ್ಕವಷ್ಟೇ ಎಂದು ಭಾವಿಸಬೇಡಿ. ಭಾರತೀಯ ರಸ್ತೆ ಕಾಂಗ್ರೆಸ್ಸು ಎಂಬ ಎಂಜಿನಿಯರುಗಳ ಸಂಸ್ಥೆಯು 1976ರಲ್ಲಿ ಪ್ರಕಟಿಸಿದ ಸೂತ್ರಗಳಲ್ಲಿ, ಗಂಟೆಗೆ 80 ಕಿಲೋಮೀಟರ್ ವೇಗಕ್ಕೆಂದು ರೂಪಿಸಿದ ರಸ್ತೆಯಲ್ಲಿ ಹಿಂದಿಕ್ಕಲು ಕಣ್ಣಿಗೆ ಕಾಣಬೇಕಾದ ದೂರ 470 ಮೀಟರು ಎಂದು ಗೊತ್ತುಪಡಿಸಿದೆ. ಹೆಚ್ಚುಕಡಿಮೆ ಅರ್ಧ ಕಿಲೋಮೀಟರು!

ಲಾರಿಯ ಚಾಲಕನ ಕೈಯಲ್ಲಿರುವ ವರ

ಈಗ ಅದೇ ಲೆಕ್ಕವನ್ನು ಸ್ವಲ್ಪ ಬದಲಾಯಿಸೋಣ. ಲಾರಿಯ ಚಾಲಕನು ಪಕ್ಕದ ಕನ್ನಡಿಯಲ್ಲಿ ಕಾರನ್ನು ಕಂಡು, ಅದು ಹೊರಳುವ ಮೊದಲೇ ತನ್ನ ವೇಗವನ್ನು ಗಂಟೆಗೆ 9 ಕಿಲೋಮೀಟರಿನಷ್ಟು ಇಳಿಸಿದನೆನ್ನಿ. ಅವನ ವೇಗ ಸೆಕೆಂಡಿಗೆ 12.5 ಮೀಟರು, ಸಾಪೇಕ್ಷ ವೇಗ 7.5 ಮೀಟರು. ಕಾರಿಗೆ ಬೇಕಾಗುವ ಕಾಲ 7.2 ಸೆಕೆಂಡು. ಕಾರಿನ ಓಟ 144 ಮೀಟರು, ಎದುರಿನ ಬಸ್ಸಿನದು 144 ಮೀಟರು. ಒಟ್ಟು 288 ಮೀಟರು. 432 ಮೀಟರಿನಲ್ಲಿ 144 ಮೀಟರು ಉಳಿತಾಯವಾಯಿತು.

ಇದಕ್ಕೆ ವಿರುದ್ಧವಾಗಿ, ಕಾರು ಮಗ್ಗುಲಿಗೆ ಬಂದೊಡನೆ ಹಠದಿಂದಲೋ, ಮುಂದೆ ಇಳಿಜಾರು ಬಂದುದರಿಂದಲೋ ಲಾರಿಯ ವೇಗ ಅದೇ 9 ಕಿಲೋಮೀಟರಿನಷ್ಟು ಏರಿತೆನ್ನಿ. ಆಗ ಸಾಪೇಕ್ಷ ವೇಗ ಸೆಕೆಂಡಿಗೆ 2.5 ಮೀಟರಿಗೆ ಇಳಿಯುತ್ತದೆ. ಹಿಂದಿಕ್ಕಲು 21.6 ಸೆಕೆಂಡು ಬೇಕು. ಬರಿದಾದ ರಸ್ತೆ 864 ಮೀಟರು ಬೇಕು.

288, 432, 864. ಈ ಮೂರು ಸಂಖ್ಯೆಗಳನ್ನು ವಾಚಕರು ನೆನಪಿನಲ್ಲಿಡಬೇಕೆಂದು ನಮ್ಮ ವಿನಂತಿ. ಕಾರಿನ ವೇಗ ಮೂರು ಸಂದರ್ಭಗಳಲ್ಲಿಯೂ ಒಂದೇ. ಬದಲಾದುದು ಲಾರಿಯ ವೇಗ ಮಾತ್ರ, ಅದೂ ಗಂಟೆಗೆ ಒಂಬತ್ತು ಕಿಲೋಮೀಟರು. ಇಳಿಸಿದರೆ ಬೇಕಾದ ರಸ್ತೆ ಮೂರರಲ್ಲೊಂದು ಪಾಲು ಕಡಿಮೆಯಾಗುತ್ತದೆ. ಏರಿಸಿದರೆ ಅದು ಇಮ್ಮಡಿಯಾಗುತ್ತದೆ. ಹಿಂದಿಕ್ಕುವವನ ಪ್ರಾಣ ಅವನ ಕಾಲಿನ ಕೆಳಗಿದೆಯೆಂದು ನಾವು ತಿಳಿದಿರುತ್ತೇವೆ. ಅದರ ಒಂದು ದೊಡ್ಡ ಭಾಗ ಇನ್ನೊಬ್ಬನ ಕಾಲಿನ ಕೆಳಗಿದೆಯೆಂದು ಲೆಕ್ಕ ಹೇಳುತ್ತದೆ.

ಈ ಉಪಕಾರಕ್ಕೆ ಲಾರಿಯವನು ತೆರುವ ಬೆಲೆಯೇನು? ಹತ್ತು ಚಕ್ರದ ಲಾರಿ ಸರಕು ಸಹಿತ ತೂಗಬಹುದಾದ ಮಿತಿಯನ್ನು 2018ರಲ್ಲಿ 25 ಟನ್ನಿನಿಂದ 28.5 ಟನ್ನಿಗೆ ಏರಿಸಲಾಯಿತು. ಅಷ್ಟು ಭಾರದ ಲಾರಿ ಸೆಕೆಂಡಿಗೆ 15 ಮೀಟರ್ ವೇಗದಲ್ಲಿರುವಾಗ ಅದರ ಚಲನಶಕ್ತಿ ಸುಮಾರು 32 ಲಕ್ಷ ಜೂಲು. ಅದೇ ವೇಗದಲ್ಲಿರುವ 1,200 ಕಿಲೋಗ್ರಾಂ ತೂಕದ ಕಾರಿನದು 1.35 ಲಕ್ಷ ಜೂಲು ಮಾತ್ರ. ಒಮ್ಮೆ ಗಳಿಸಿದ ವೇಗವನ್ನು ಬಿಟ್ಟುಕೊಡಲು ಲಾರಿಯವನು ಹಿಂಜರಿಯುವುದಕ್ಕೆ ಕಾರಣ ಇಲ್ಲಿದೆ. ಅದು ಬರಿಯ ದರ್ಪವಲ್ಲ. ಬ್ರೇಕು ತುಳಿದು 9 ಕಿಲೋಮೀಟರ್ ವೇಗವನ್ನು ಇಳಿಸಿದರೆ ಸುಮಾರು 10 ಲಕ್ಷ ಜೂಲಿನಷ್ಟು ಶಕ್ತಿ ಬ್ರೇಕಿನಲ್ಲಿ ಶಾಖವಾಗಿ ವ್ಯರ್ಥವಾಗುತ್ತದೆ. ಅದನ್ನು ಮತ್ತೆ ಗಳಿಸಲು 80 ಮಿಲಿಲೀಟರಿನಷ್ಟು ಡೀಸೆಲ್ ಸುಡಬೇಕು.

ಆದರೆ ಬ್ರೇಕು ತುಳಿಯದೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಂಗತಿಯೇ ಬೇರೆ. ಆಗ ಕುಗ್ಗುವ ಚಲನಶಕ್ತಿಯ ಬಹುಭಾಗ ಚಕ್ರಗಳ ಮತ್ತು ಗಾಳಿಯ ಪ್ರತಿರೋಧವನ್ನು ಎದುರಿಸಿ ಲಾರಿಯನ್ನು ಮುಂದಕ್ಕೆ ಒಯ್ಯಲು ವಿನಿಯೋಗವಾಗುತ್ತದೆ. ಆ ಹೊತ್ತಿನಲ್ಲಿ ಡೀಸೆಲ್ ಮಾಡಬೇಕಾಗಿದ್ದ ಕೆಲಸವನ್ನು ಅದೇ ಮಾಡುತ್ತದೆ. ನಷ್ಟವಾಗುವುದು ಕಾಲ ಮಾತ್ರ. ಸಮತಟ್ಟಾದ ರಸ್ತೆಯಲ್ಲಿ ಪ್ರತಿ ಸೆಕೆಂಡಿಗೂ ವೇಗ 0.2 ಮೀಟರಿನಂತೆ ಕುಗ್ಗುತ್ತದೆಂದು ಇಟ್ಟುಕೊಂಡರೆ, ವೇಗ ಇಳಿಯುವಾಗ, ಕಾರು ದಾಟುವಾಗ ಮತ್ತು ವೇಗವನ್ನು ಮರಳಿ ಪಡೆಯುವಾಗ ಎಲ್ಲ ಸೇರಿ ಲಾರಿ ಸುಮಾರು 50 ಮೀಟರು ಹಿಂದೆ ಬೀಳುತ್ತದೆ. ಅಂದರೆ ಮೂರೂವರೆ ಸೆಕೆಂಡು. ರಾಯಚೂರಿನಿಂದ ಮಾನ್ವಿ 50 ಕಿಲೋಮೀಟರಿನ ಆಸುಪಾಸಿನಲ್ಲಿದೆ. ಅಷ್ಟು ದಾರಿಯಲ್ಲಿ ಇಪ್ಪತ್ತು ಸಲ ದಾರಿ ಬಿಟ್ಟರೂ ಲಾರಿಗೆ ಆಗುವ ವಿಳಂಬ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿ ಹೊರಪಡುತ್ತದೆ. ಕಾಲು ತೆಗೆದ ಮಾತ್ರಕ್ಕೆ ವೇಗ ಇಳಿಯುವುದಿಲ್ಲ. ಇಷ್ಟು ಭಾರದ ಲಾರಿಗೆ ಹನ್ನೆರಡು ಹದಿಮೂರು ಸೆಕೆಂಡು ಹಿಡಿಯುತ್ತದೆ. ಆದುದರಿಂದ ದಾರಿ ಬಿಡುವ ಕಾರ್ಯ ಕಾರು ಪಕ್ಕಕ್ಕೆ ಬಂದ ಮೇಲಲ್ಲ, ಕನ್ನಡಿಯಲ್ಲಿ ಕಂಡಾಗಲೇ ಪ್ರಾರಂಭವಾಗತಕ್ಕದ್ದು.

ಕಣ್ಣು ಹೇಳುವ ಸುಳ್ಳು

"ಎದುರಿನ ಬಸ್ಸು ದೂರದಲ್ಲಿದೆ, ದಾಟಬಹುದು" ಎಂದು ನಾವು ಯಾವ ಆಧಾರದ ಮೇಲೆ ತೀರ್ಮಾನಿಸುತ್ತೇವೆ? ಬಸ್ಸಿನ ಆಕಾರ ಕಣ್ಣಿಗೆ ಎಷ್ಟು ದೊಡ್ಡದಾಗಿ ಕಾಣುತ್ತದೆ, ಎಷ್ಟು ಬೇಗ ಹಿಗ್ಗುತ್ತದೆ ಎಂಬುದರಿಂದ. 2.5 ಮೀಟರು ಅಗಲದ ಬಸ್ಸು 432 ಮೀಟರು ದೂರದಲ್ಲಿದ್ದಾಗ, ಕೈ ಚಾಚಿ ಹಿಡಿದ ಒಂದು ಬಿಳಿಜೋಳದ ಕಾಳಿನಷ್ಟು ಕಾಣುತ್ತದೆ. ಕಾರೂ ಬಸ್ಸೂ ಸೇರಿ ಸೆಕೆಂಡಿಗೆ 40 ಮೀಟರಿನಂತೆ ಹತ್ತಿರವಾಗುತ್ತಿದ್ದರೂ, ಒಂದು ಸೆಕೆಂಡಿನಲ್ಲಿ ಆ ಕಾಳು ಹಿಗ್ಗುವುದು ಹತ್ತರಲ್ಲೊಂದು ಪಾಲು ಮಾತ್ರ. ಅಷ್ಟು ಸಣ್ಣ ವ್ಯತ್ಯಾಸವನ್ನು ಕಣ್ಣು ಗುರುತಿಸಲಾರದು. ಬಸ್ಸು ನಿಂತಿದೆಯೋ ಬರುತ್ತಿದೆಯೋ, ಬರುತ್ತಿದ್ದರೆ ನಿಧಾನವಾಗಿಯೋ ವೇಗವಾಗಿಯೋ ಎಂಬುದು ತಿಳಿಯುವುದಿಲ್ಲ. ಅದೇ ಬಸ್ಸು 100 ಮೀಟರಿಗೆ ಬಂದಾಗ, ಮುಂದಿನ ಒಂದೂಕಾಲು ಸೆಕೆಂಡಿನಲ್ಲಿ ಅದರ ಆಕಾರ ಇಮ್ಮಡಿಯಾಗುತ್ತದೆ. ಆಗ ಕಣ್ಣು ಸತ್ಯವನ್ನು ಹೇಳುತ್ತದೆ. ಆದರೆ ಆ ಹೊತ್ತಿಗೆ ಕಾಲ ಮೀರಿರುತ್ತದೆ.

ಆದಕಾರಣ ಸಂಶಯ ಬಂದಾಗ ಕಾಯುವುದೇ ಸರಿಯಾದ ಮಾರ್ಗ. ಕಾಯುವುದರ ಬೆಲೆಯನ್ನೂ ಲೆಕ್ಕ ಹಾಕಬಹುದು. ಕಾರು ಇನ್ನೊಂದು ಕಿಲೋಮೀಟರು ಲಾರಿಯ ಹಿಂದೆಯೇ ಹೋದರೆ ಅದಕ್ಕೆ ಆಗುವ ನಷ್ಟ 17 ಸೆಕೆಂಡು.

ಹಿಂದಿರುವವನ ಧರ್ಮ

ಸೌಜನ್ಯ ಲಾರಿಯವನೊಬ್ಬನಿಂದಲೇ ಬರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಅನೇಕರು ಲಾರಿಯ ಬಾಲಕ್ಕೆ ಅಂಟಿಕೊಂಡು ಓಡುತ್ತ, ಹೀಗೆ ಹತ್ತಿರದಲ್ಲಿದ್ದರೆ ಬೇಗ ದಾಟಬಹುದೆಂದು ನಂಬಿರುತ್ತಾರೆ. ಆದರೆ ಹತ್ತಿರ ಹೋದಷ್ಟೂ ಮುಂದಿನ ರಸ್ತೆ ಮರೆಯಾಗುತ್ತದೆ. ಸಮರೂಪ ತ್ರಿಭುಜಗಳ ನಿಯಮದಿಂದ ಇದನ್ನು ತಿಳಿಯಬಹುದು. 7 ಮೀಟರು ಅಗಲದ ನೇರ ರಸ್ತೆಯಲ್ಲಿ ಕಾರಿನ ಚಾಲಕನ ಕಣ್ಣು ಲಾರಿಯ ಹಿಂಬದಿಗೆ 7 ಮೀಟರು ಸಮೀಪದಲ್ಲಿದ್ದರೆ, ಲಾರಿಯ ಅಂಚನ್ನು ದಾಟಿ ಹೋಗುವ ದೃಷ್ಟಿರೇಖೆಗೆ ಎದುರಿನ ವಾಹನದ ಹೊರ ಅಂಚು ಸುಮಾರು 35 ಮೀಟರಿನವರೆಗೆ ಮಾತ್ರ ಸಿಕ್ಕುತ್ತದೆ. ಅದೇ 28 ಮೀಟರು ಹಿಂದಿದ್ದರೆ 140 ಮೀಟರಿನವರೆಗೆ ಸಿಕ್ಕುತ್ತದೆ. ಅಂತರ ನಾಲ್ಕು ಪಟ್ಟಾದರೆ ನೋಟವೂ ನಾಲ್ಕು ಪಟ್ಟಾಗುತ್ತದೆ. ಹಿಂದೆ ಸರಿದವನೇ ಹೆಚ್ಚು ಕಾಣುತ್ತಾನೆ. ಸ್ವಲ್ಪವೇ ಬಲಕ್ಕೆ ಸರಿದರೆ ಅವನಿಗೆ ಇನ್ನೂ ದೂರ ತೆರೆದುಕೊಳ್ಳುತ್ತದೆ.

ಇದರಿಂದ ಇನ್ನೊಂದು ಲಾಭವುಂಟು. ಬೆಳಕು ಬಂದ ದಾರಿಯಲ್ಲಿಯೇ ಹಿಂದಿರುಗಬಲ್ಲುದೆಂಬುದು ದ್ಯುತಿಶಾಸ್ತ್ರದ ಒಂದು ಮೂಲನಿಯಮ. ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ನಮಗೆ ಕಾಣದಿದ್ದರೆ, ನಮ್ಮ ಮುಖವೂ ಅವನಿಗೆ ಕಾಣುವುದಿಲ್ಲ. ಕಾಣದವನಿಗೆ ದಾರಿ ಬಿಡುವುದು ಯಾರಿಂದಲೂ ಸಾಧ್ಯವಿಲ್ಲ. ಮೋಟಾರ್ ಸೈಕಲ್ಲಿನಲ್ಲಿ ಕಾಲೇಜಿಗೆ ಹೋಗುವ ವಿದ್ಯಾರ್ಥಿಗಳು ಈ ನಿಯಮವನ್ನು ಪರೀಕ್ಷೆಗಾಗಿ ಮಾತ್ರ ಕಲಿಯದೆ ದಾರಿಗೂ ಕೊಂಡೊಯ್ಯಬೇಕು.

ಕಾರಿನ ಹಿಂದೆ ಬರುವವನಿಗೂ ಒಂದು ಕರ್ತವ್ಯವಿದೆ. ಕಾರು ಬಲಕ್ಕೆ ಹೊರಳಿದೊಡನೆ ಅದು ಬಿಟ್ಟುಹೋದ ಜಾಗಕ್ಕೆ ಅವನು ನುಗ್ಗಬಾರದು. ಎದುರಿನ ಬಸ್ಸು ಹತ್ತಿರವಾದದ್ದನ್ನು ಕಂಡು ಕಾರು ಹಿಂದಕ್ಕೆ ಬರಬೇಕಾದರೆ ಅದಕ್ಕೆ ಆ ಜಾಗವೇ ಗತಿ. ಅದೇ ಕಾರಣದಿಂದ ಲಾರಿಯವನೂ ಕಾರು ಪಕ್ಕದಲ್ಲಿರುವಾಗ ಗಾಬರಿಯಿಂದ ಬ್ರೇಕು ತುಳಿಯಬಾರದು. ಕಾರೂ ಲಾರಿಯೂ ಒಟ್ಟಿಗೆ ನಿಧಾನವಾದರೆ ಕಾರಿಗೆ ಮುಂದೆಯೂ ಎಡೆಯಿಲ್ಲ, ಹಿಂದೆಯೂ ಎಡೆಯಿಲ್ಲ. ಎದುರಿನ ಬಸ್ಸಿನ ಚಾಲಕನು ಕಾರು ತನ್ನತ್ತ ಬರುವುದನ್ನು ಕಂಡ ಕೂಡಲೆ ವೇಗವನ್ನು ತಗ್ಗಿಸಿದರೆ ಅವನ ಪಾಲಿನ 216 ಮೀಟರೂ ಕಡಿಮೆಯಾಗುತ್ತದೆ. ತಪ್ಪು ಯಾರದೆಂದು ನಿರ್ಣಯಿಸುವುದನ್ನು ಆ ಹತ್ತು ಸೆಕೆಂಡುಗಳ ತರುವಾಯಕ್ಕೆ ಬಿಡಬಹುದು.

ಎರೆಮಣ್ಣಿನ ಅಂಚು

"ಎಷ್ಟು ಹಾರ್ನು ಮಾಡಿದರೂ ಲಾರಿಯವನು ಸೈಡು ಕೊಡುವುದಿಲ್ಲ" ಎಂಬ ದೂರು ನಮ್ಮಲ್ಲಿ ಸಾಮಾನ್ಯ. ಅವನ ಕಷ್ಟವನ್ನೂ ಪರಿಶೀಲಿಸೋಣ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯ ಕಡೆಯಲ್ಲಿಯೂ ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗದ ಕಡೆಯಲ್ಲಿಯೂ ನೆಲ ಬಹುಮಟ್ಟಿಗೆ ಎರೆಭೂಮಿ. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಇದರಿಂದ ಡಾಂಬರಿನ ಅಂಚು ಒಡೆದು ಪಕ್ಕದ ಮಣ್ಣು ತಗ್ಗಾಗುತ್ತದೆ. ಮಳೆಗಾಲದಲ್ಲಿ ಅದು ಚಕ್ರವನ್ನು ನುಂಗುವಷ್ಟು ಮೆತ್ತಗಾಗುತ್ತದೆ.

ಎರಡು ಸಾಲಿನ ರಸ್ತೆಯ ಡಾಂಬರಿನ ಅಗಲ ಸಾಮಾನ್ಯವಾಗಿ 7 ಮೀಟರು; ಒಳದಾರಿಗಳಲ್ಲಿ 5.5 ಮೀಟರು, ಕೆಲವೆಡೆ 3.75 ಮೀಟರು ಮಾತ್ರ. ಐದೂವರೆ ಮೀಟರಿನಲ್ಲಿ 2.5 ಮೀಟರಿನ ಲಾರಿಯೂ 1.7 ಮೀಟರಿನ ಕಾರೂ ಸರಿಸಮನಾಗಿ ನಿಂತರೆ ಉಳಿಯುವುದು 1.3 ಮೀಟರು. ಅದನ್ನು ಎಡ ಅಂಚಿಗೆ, ಬಲ ಅಂಚಿಗೆ, ನಡುವಿನ ಎಡೆಗೆ ಹಂಚಿದರೆ ಒಂದೊಂದಕ್ಕೆ ಒಂದು ಮೊಳವೂ ತುಂಬುವುದಿಲ್ಲ. 3.75 ಮೀಟರಿನ ರಸ್ತೆಯಲ್ಲಂತೂ ಯಾರಾದರೊಬ್ಬರು ಡಾಂಬರು ಬಿಟ್ಟು ಇಳಿಯಲೇಬೇಕು.

ಸರಕು ತುಂಬಿದ ಲಾರಿಯ ಗುರುತ್ವಕೇಂದ್ರ ನೆಲದಿಂದ 2 ಮೀಟರು ಎತ್ತರದಲ್ಲಿದೆ, ಎಡಬಲ ಚಕ್ರಗಳ ನಡುವಿನ ಅಂತರವೂ 2 ಮೀಟರು ಎಂದಿಟ್ಟುಕೊಳ್ಳಿ. ಎಡಚಕ್ರಗಳು ಮಣ್ಣಿನಲ್ಲಿ 20 ಸೆಂಟಿಮೀಟರು ಕುಸಿದರೆ ಗುರುತ್ವಕೇಂದ್ರವೂ 20 ಸೆಂಟಿಮೀಟರಿನಷ್ಟು ಎಡಕ್ಕೆ ವಾಲುತ್ತದೆ. ಅದು ಚಕ್ರದ ಮಟ್ಟವನ್ನು ಮೀರಿದರೆ ಲಾರಿ ಮಗುಚಿಕೊಳ್ಳುತ್ತದೆ. ಅದಕ್ಕಿದ್ದ 1 ಮೀಟರಿನ ಅವಕಾಶದಲ್ಲಿ ಐದರಲ್ಲೊಂದು ಪಾಲು ಹೀಗೆ ಒಂದೇ ಏಟಿಗೆ ಖರ್ಚಾಗುತ್ತದೆ. ಹತ್ತಿಯಂಥ ಹಗುರವಾದರೂ ಎತ್ತರವಾದ ಹೇರಿನಲ್ಲಿ ಕೇಂದ್ರ ಇನ್ನೂ ಮೇಲಿರುವುದರಿಂದ ವಾಲುವಿಕೆ ಇನ್ನೂ ಹೆಚ್ಚು. ಗಟ್ಟಿಯಾದ ಅಂಚು ಸಿಕ್ಕುವವರೆಗೆ ಅವನು ಎಡಕ್ಕೆ ಇಳಿಯದಿರುವುದು ಬಹಳ ಸಲ ವಿವೇಕವೇ ಆಗಿರುತ್ತದೆ. ಅಂಥ ಜಾಗದಲ್ಲಿ ಹಾರ್ನಿನಿಂದ ಅವನನ್ನು ಒತ್ತಾಯಿಸುವುದು ಅಸೌಜನ್ಯ. ಎಡಕ್ಕೆ ಇಳಿಯಲಾರದವನೂ ವೇಗವನ್ನು ಇಳಿಸಬಲ್ಲ ಎಂಬುದು ಇದರ ಇನ್ನೊಂದು ಮುಖ.

ಸಂಕೇತಗಳ ಭಾಷೆ

ರಸ್ತೆಯ ಮೇಲೆ ಚಾಲಕರು ಮಾತಾಡುವಂತಿಲ್ಲ. ಬೆಳಕು, ಶಬ್ದ, ಕೈಸನ್ನೆಗಳೇ ಅವರ ಭಾಷೆ. ಈ ಭಾಷೆಯಲ್ಲಿ ಒಂದು ದೊಡ್ಡ ಗೊಂದಲವಿದೆ. ಲಾರಿಯ ಬಲಗಡೆಯ ದೀಪ ಮಿನುಗಿದರೆ "ನಾನು ಬಲಕ್ಕೆ ತಿರುಗುತ್ತೇನೆ" ಎಂಬುದು ನಿಯಮದ ಅರ್ಥ. ಕೆಲವರು ಅದನ್ನು "ಬಲಗಡೆಯಿಂದ ದಾಟು" ಎಂಬ ಅರ್ಥದಲ್ಲಿಯೂ ಇನ್ನು ಕೆಲವರು "ಎದುರಿಗೆ ವಾಹನವಿದೆ, ಬರಬೇಡ" ಎಂಬ ಅರ್ಥದಲ್ಲಿಯೂ ಬಳಸುತ್ತಾರೆ. ಪರಸ್ಪರ ವಿರುದ್ಧವಾದ ಅರ್ಥಗಳುಳ್ಳ ಸಂಕೇತ ಯಾವ ಅರ್ಥವನ್ನೂ ತಿಳಿಸಲಾರದು. ಲಾರಿಯವನ ಸನ್ನೆಯನ್ನು ಕೃತಜ್ಞತೆಯಿಂದ ಸ್ವೀಕರಿಸಬಹುದು. ಆದರೆ ರಸ್ತೆ ಬರಿದಾಗಿದೆಯೆಂದು ನಮ್ಮ ಕಣ್ಣಿನಿಂದ ಕಾಣದೆ ಹೊರಳಬಾರದು.

ಲಾರಿಗಳ ಹಿಂಬದಿಯಲ್ಲಿ 'ಹಾರ್ನ್ ಓಕೆ ಪ್ಲೀಸ್' ಎಂಬ ಬರಹ ಎಲ್ಲರಿಗೂ ಪರಿಚಿತ. ಅನಾವಶ್ಯಕವಾಗಿ ಹಾರ್ನು ಮಾಡಲು ಪ್ರೇರಿಸುತ್ತದೆಂದು 2015ರಲ್ಲಿ ಮಹಾರಾಷ್ಟ್ರವು ಅದನ್ನು ನಿಷೇಧಿಸಿತು. ಇದರ ಜೊತೆಯ ಇನ್ನೊಂದು ಬರಹ, ರಾತ್ರಿ ಡಿಪ್ಪರ್ ಬಳಸಿರೆಂಬುದು, ಎಂದೆಂದಿಗೂ ಸಲ್ಲತಕ್ಕದ್ದು. ಸೆಕೆಂಡಿಗೆ 20 ಮೀಟರ್ ವೇಗದ ಕಾರು ಚಾಲಕನ ಎಚ್ಚರಕ್ಕೆ 2 ಸೆಕೆಂಡು ಕಳೆದು, ಒಳ್ಳೆಯ ಬ್ರೇಕಿನಿಂದ ನಿಲ್ಲಲು ಸುಮಾರು 80 ಮೀಟರು ಓಡುತ್ತದೆ. ಎದುರಿನ ಪ್ರಖರ ದೀಪದಿಂದ ಕಣ್ಣು ಕುರುಡಾದ ಎರಡೇ ಸೆಕೆಂಡುಗಳಲ್ಲಿ ಅದು 40 ಮೀಟರು ಏನನ್ನೂ ಕಾಣದೆ ಸಾಗಿರುತ್ತದೆ. ಹಿಂಬದಿಯ ದೀಪವಿಲ್ಲದ ಟ್ರಾಕ್ಟರಿನ ಟ್ರಾಲಿ ಆ ಕತ್ತಲೆಯಲ್ಲಿದ್ದರೆ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ನಿಯಮವೂ ಲೆಕ್ಕವೂ

ಹಿಂದಿಕ್ಕಿಸಿಕೊಳ್ಳುತ್ತಿರುವ ಚಾಲಕನು ವೇಗವನ್ನು ಹೆಚ್ಚಿಸಬಾರದು, ಅಡ್ಡಿಪಡಿಸಬಾರದು ಎಂಬ ವಿಧಿ ನಮ್ಮ ದೇಶದ 1989ರ ರಸ್ತೆ ನಿಯಮಗಳಲ್ಲಿತ್ತು. ಅವುಗಳ ಸ್ಥಾನಕ್ಕೆ ಬಂದ 2017ರ ಚಾಲನಾ ನಿಯಮಗಳಲ್ಲಿಯೂ ಅದು ಉಳಿದಿದೆ. 1968ರಲ್ಲಿ ವಿಯೆನ್ನಾದಲ್ಲಿ ಏರ್ಪಟ್ಟ ಅಂತರರಾಷ್ಟ್ರೀಯ ಒಪ್ಪಂದವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಸ್ತೆ ಕಿರಿದಾಗಿದ್ದು ಎದುರಿನ ಸಂಚಾರ ಹೆಚ್ಚಾಗಿದ್ದರೆ ನಿಧಾನದ ಅಥವಾ ದೊಡ್ಡ ಗಾತ್ರದ ವಾಹನವು ವೇಗವನ್ನು ತಗ್ಗಿಸಿ, ಅಗತ್ಯವಾದರೆ ಪಕ್ಕಕ್ಕೆ ಸರಿದು ದಾರಿ ಬಿಡಬೇಕೆಂದು ವಿಧಿಸಿದೆ. ಈ ನಿಯಮಗಳ ಹಿಂದಿರುವ ಕಾರಣವನ್ನು ಮೇಲ್ಕಂಡ ಮೂರು ಸಂಖ್ಯೆಗಳಲ್ಲಿ ಕಂಡಿದ್ದೇವೆ.

ಆಸಕ್ತರಾದ ವಿದ್ಯಾರ್ಥಿಗಳು ಈ ಲೆಕ್ಕವನ್ನು ನಂಬಬೇಕಾಗಿಲ್ಲ, ಅಳೆದು ನೋಡಬಹುದು. ಮುಂದಿನ ಸಲ ಊರಿಗೆ ಹೋಗುವಾಗ ಬಸ್ಸಿನಲ್ಲಿ ಮುಂದುಗಡೆ ಕುಳಿತು ಗಡಿಯಾರವನ್ನು ಕೈಯಲ್ಲಿ ಹಿಡಿಯಿರಿ. ಎರಡು ಕಿಲೋಮೀಟರು ಕಲ್ಲುಗಳ ನಡುವಿನ ಕಾಲವನ್ನು ಎಣಿಸಿದರೆ ಬಸ್ಸಿನ ವೇಗ ತಿಳಿಯುತ್ತದೆ. ಬಸ್ಸು ಬಲಕ್ಕೆ ಹೊರಳಿದ ಕ್ಷಣದಿಂದ ಎಡಕ್ಕೆ ಮರಳುವ ಕ್ಷಣದವರೆಗಿನ ಸೆಕೆಂಡುಗಳನ್ನು ಆ ವೇಗದಿಂದ ಗುಣಿಸಿ. ಎದುರಿನವನಿಗಾಗಿ ಅದನ್ನು ಇಮ್ಮಡಿಸಿ. ಹತ್ತು ಲಾರಿಗಳಿಗೆ ಹೀಗೆ ಲೆಕ್ಕ ಬರೆದಿಟ್ಟರೆ, ದಾರಿ ಬಿಟ್ಟ ಲಾರಿಗೂ ಬಿಡದ ಲಾರಿಗೂ ಇರುವ ವ್ಯತ್ಯಾಸ ನಿಮ್ಮ ನೋಟು ಪುಸ್ತಕದಲ್ಲಿಯೇ ಕಾಣಿಸುತ್ತದೆ. ಆ ಪುಟವನ್ನು ಮನೆಯಲ್ಲಿ ಮೋಟಾರ್ ಸೈಕಲ್, ಟ್ರಾಕ್ಟರು ಅಥವಾ ಲಾರಿ ನಡೆಸುವವರಿಗೆ ತೋರಿಸಿ.